ಎರಡನೇ ಬಸಿರಿಗೂ ಬೇಕು ಆರೈಕೆ

ಕರ್ನಾಟಕದ ಬಹುಪಾಲು ಮನೆಗಳಲ್ಲಿ ಈಗ ಎರಡನೇ ಮಗುವೇ ಕೊನೆಯ ಮಗು. 1992–93ರಲ್ಲಿ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ ರಾಜ್ಯದಲ್ಲಿ ಒಬ್ಬ ಮಹಿಳೆ ಹೆರುವ ಮಕ್ಕಳ ಸರಾಸರಿ ಮೂರರ ಹತ್ತಿರವಿತ್ತು. 2019–21ರ ಐದನೇ ಸಮೀಕ್ಷೆಯ ಹೊತ್ತಿಗೆ ಅದು 1.7ಕ್ಕೆ ಇಳಿದಿತ್ತು. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೂ 2.1 ಬೇಕು. ಸಂತಾನ ನಿಯಂತ್ರಣದ ವಿಚಾರದಲ್ಲಿ ಈ ನಾಡು ಬಹಳ ಹಿಂದೆಯೇ ಹೆಜ್ಜೆಯಿಟ್ಟಿತ್ತು. ಮೈಸೂರು ಸಂಸ್ಥಾನ 1930ರಲ್ಲೇ ತನ್ನ ಆಸ್ಪತ್ರೆಗಳಲ್ಲಿ ಅದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆಯಿತು. 1952ರಲ್ಲಿ ದೇಶದ ಕುಟುಂಬ ಯೋಜನೆ ಕಾರ್ಯಕ್ರಮ ಶುರುವಾಗಿ, ಮುಂದೆ ಅದರ ಗುರುತಾದ ಕೆಂಪು ತ್ರಿಕೋನವೂ ‘ನಾವಿಬ್ಬರು, ನಮಗಿಬ್ಬರು’ ಎಂಬ ಘೋಷಣೆಯೂ ಊರೂರಿನ ಗೋಡೆ ಹತ್ತಿದವು. ಆ ಬರಹ ಮಾಸಿದರೂ ಲೆಕ್ಕ ಮನೆಯೊಳಗೆ ನಿಂತಿದೆ. ಹಿಂದೆ ಐದಾರು ಮಕ್ಕಳ ನಡುವೆ ಒಂದಾಗಿದ್ದ ಎರಡನೆಯದು ಇಂದು ಸಂಸಾರವನ್ನು ಪೂರ್ತಿ ಮಾಡುವ ಮಗು. ಆದರೂ ಶಾಸ್ತ್ರ, ಸರ್ಕಾರದ ಯೋಜನೆ, ನೆಂಟರಿಷ್ಟರ ಉಪಚಾರ ಎಲ್ಲವೂ ಚೊಚ್ಚಲಿನ ಸುತ್ತಲೇ ಬೆಳೆದಿವೆ. ಒಂದು ಹೆತ್ತವಳಿಗೆ ಇನ್ನೊಂದು ಹೆರುವುದೇನು ಕಷ್ಟ ಎಂಬ ಮಾತಿನಲ್ಲಿ ಎರಡನೇ ಬಸಿರು ತನಗೆ ಸಲ್ಲಬೇಕಾದ ಆರೈಕೆಯನ್ನು ಕಳೆದುಕೊಳ್ಳುತ್ತದೆ.

ಎರಡು ಹೆರಿಗೆಗಳ ನಡುವೆ ಎಷ್ಟು ಅಂತರ ಇರಬೇಕು ಎಂಬುದು ಮೊದಲ ಪ್ರಶ್ನೆ. ಮಗು ಹುಟ್ಟಿದ ಮೇಲೆ ಕನಿಷ್ಠ 24 ತಿಂಗಳು ಕಳೆದ ನಂತರವೇ ಮುಂದಿನ ಬಸಿರಿಗೆ ಪ್ರಯತ್ನಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಂದರೆ ಇಬ್ಬರು ಮಕ್ಕಳ ವಯಸ್ಸಿನ ನಡುವೆ ಹೆಚ್ಚುಕಡಿಮೆ ಮೂರು ವರ್ಷ. ಈ ಎಣಿಕೆಯ ಹಿಂದೆ ತಾಯಿಯ ರಕ್ತದ ಲೆಕ್ಕವಿದೆ. ಒಂದು ಬಸಿರು ತಾಯಿಯ ಮೈಯಿಂದ ಸುಮಾರು 1 ಗ್ರಾಂ ಕಬ್ಬಿಣಾಂಶವನ್ನು ಬೇಡುತ್ತದೆ. ಅದನ್ನು ತುಂಬಿಕೊಳ್ಳಲು ಒಳ್ಳೆಯ ಊಟ ಸಿಗುವವರಿಗೂ ಸಮಯ ಹಿಡಿಯುತ್ತದೆ. ಅಂತರ ಕಡಿಮೆಯಾದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗು ಕಡಿಮೆ ತೂಕದಲ್ಲಿ ಹುಟ್ಟುವ ಸಾಧ್ಯತೆ ಹೆಚ್ಚು. ಮೊದಲನೆಯದು ಸಿಸೇರಿಯನ್ ಆಗಿದ್ದರೆ ಗರ್ಭಕೋಶದ ಮೇಲಿನ ಹೊಲಿಗೆಯ ಗುರುತು ಗಟ್ಟಿಯಾಗಲೂ ಈ ಅವಧಿ ಬೇಕು. ಈ ನಡುವಿನ ಕಾಲಕ್ಕೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯಾದ 48 ಗಂಟೆಯೊಳಗೆ ಕಾಪರ್-ಟಿ ಹಾಕುತ್ತಾರೆ. ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ‘ಅಂತರಾ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ ಉಚಿತವಾಗಿ ಸಿಗುತ್ತವೆ. ಇವುಗಳ ಬಗ್ಗೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಹೇಳುವ ಹೊತ್ತಿಗೆ ಗಂಡನೂ ಅಲ್ಲಿ ಕೂತು ಕೇಳಿಸಿಕೊಳ್ಳುವುದು ಅಪರೂಪ. ಅದು ಬದಲಾಗಬೇಕಾದ ಸಂಗತಿ.

ಅಂತರ ಅತಿಯಾಗಿ ಹೆಚ್ಚಿದರೂ ಎಚ್ಚರ ಬೇಕು. ಬೆಂಗಳೂರಿನಂಥ ಊರಿನಲ್ಲಿ ಬಾಡಿಗೆ, ಶಾಲೆಯ ಫೀಸು, ಸಂಜೆಯವರೆಗೆ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಯೋಚನೆಗಳು ತೀರ್ಮಾನವನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತವೆ. ತಾಯಿಯ ವಯಸ್ಸು 35 ದಾಟಿದ ಮೇಲೆ ಗರ್ಭ ನಿಲ್ಲುವುದೂ ತಡವಾಗಬಹುದು, ಬಿ.ಪಿ., ಬಸಿರಿನ ಸಕ್ಕರೆ ಕಾಯಿಲೆಯ ಸಂಭವವೂ ಏರುತ್ತದೆ. ಮೊದಲ ಮಗು ಸುಲಭವಾಗಿ ಆಯಿತೆಂದ ಮಾತ್ರಕ್ಕೆ ಎರಡನೆಯದೂ ಬೇಕೆಂದಾಗ ಆಗುತ್ತದೆ ಎನ್ನಲಾಗದು.

ಚೊಚ್ಚಲು ಹೆಣ್ಣಾದ ಮನೆಗಳಲ್ಲಿ ಎರಡನೇ ಬಸಿರಿನ ಮೇಲೆ ಬೀಳುವ ಭಾರವೇ ಬೇರೆ. ಮೊದಲ ಹೆಣ್ಣನ್ನು ‘ಲಕ್ಷ್ಮಿ ಬಂದಳು’ ಎಂದು ಎತ್ತಿಕೊಂಡವರೇ ಎರಡನೆಯದರ ಹೊತ್ತಿಗೆ ಹರಕೆ ಹೊರುತ್ತಾರೆ. ದೇಶದ ಅಂಕಿಅಂಶ ಇದನ್ನು ಬಿಡಿಸಿ ತೋರಿಸಿದೆ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಭಾತ್ ಝಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಮಗು ಹೆಣ್ಣಾಗಿದ್ದ ಕುಟುಂಬಗಳಲ್ಲಿ ಎರಡನೆಯದಾಗಿ ಹುಟ್ಟಿದ 1,000 ಗಂಡುಮಕ್ಕಳಿಗೆ 1990ರಲ್ಲಿ 906 ಹೆಣ್ಣುಮಕ್ಕಳಿದ್ದರೆ, 2005ರಲ್ಲಿ ಉಳಿದದ್ದು 836. ಮೊದಲನೆಯದು ಗಂಡಾಗಿದ್ದ ಮನೆಗಳಲ್ಲಿ ಇಂಥ ಇಳಿಕೆ ಕಾಣಲಿಲ್ಲ. ಎಂದರೆ ಹೆಣ್ಣು ಭ್ರೂಣಕ್ಕೆ ಅಪಾಯ ಹೆಚ್ಚಿರುವ ಜಾಗ ಅಕ್ಕನ ಬೆನ್ನಿಗೆ ಹುಟ್ಟುವುದು. ಲಿಂಗಪತ್ತೆಯನ್ನು ತಡೆಯಲು 1994ರಲ್ಲೇ ಕಾನೂನು ಬಂದು, ಪ್ರತಿ ಸ್ಕ್ಯಾನಿಂಗ್ ಕೇಂದ್ರದಲ್ಲಿ ಎಚ್ಚರಿಕೆಯ ಫಲಕ ತೂಗುಹಾಕಿದೆ. ಆದರೂ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಾಗ ರಾಜ್ಯ ಬೆಚ್ಚಿತು. ಇದಕ್ಕೂ ಮೊದಲೇ, 2011ರ ಜನಗಣತಿಯಲ್ಲಿ, ಕರ್ನಾಟಕದ ಆರು ವರ್ಷದವರೆಗಿನ 1,000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು.

ಈ ಒತ್ತಡ ಮೊದಲ ಮಗಳ ಕಿವಿಗೂ ಬೀಳುತ್ತದೆ. ಬಂದವರೆಲ್ಲ ‘ನಿಂಗೆ ತಮ್ಮ ಬೇಕೋ, ತಂಗಿ ಬೇಕೋ ಪುಟ್ಟೀ?’ ಎಂದು ಕೇಳುತ್ತಾರೆ. ಯಾವ ಉತ್ತರ ಕೊಟ್ಟರೆ ದೊಡ್ಡವರ ಮುಖ ಅರಳುತ್ತದೆ ಎಂಬುದನ್ನು ಮೂರು ವರ್ಷದ ಹುಡುಗಿ ಬಹಳ ಬೇಗ ಕಲಿಯುತ್ತಾಳೆ. ತಾನು ಹುಟ್ಟಿದ್ದರಲ್ಲಿ ಏನೋ ಕೊರತೆಯಿತ್ತು ಎಂಬ ಅರಿವು ಅವಳಿಗೆ ಹಾಗೆ ತಲುಪಬಾರದು. ಆ ಪ್ರಶ್ನೆಯನ್ನು ಮನೆಯವರು ಅಲ್ಲಿಯೇ ತಡೆಯುವುದು ಅವಳಿಗೆ ಮಾಡುವ ದೊಡ್ಡ ಉಪಕಾರ.

ಎರಡನೇ ಬಸಿರು ಮೈಗೆ ಪರಿಚಿತ, ಆದರೆ ಮೊದಲಿನಂತಲ್ಲ. ಹೊಟ್ಟೆಯ ಸ್ನಾಯು ಒಮ್ಮೆ ಸಡಿಲವಾದ್ದರಿಂದ ಬಸಿರು ಬೇಗ ಎದ್ದು ಕಾಣುತ್ತದೆ. ಚೊಚ್ಚಲಲ್ಲಿ 18ರಿಂದ 20ನೇ ವಾರಕ್ಕೆ ಗೊತ್ತಾಗುವ ಮಗುವಿನ ಮಿಸುಕಾಟ ಈ ಸಲ 16ನೇ ವಾರಕ್ಕೇ ತಿಳಿಯಬಹುದು. ಸೊಂಟನೋವು, ಕಾಲಿನ ನರ ಉಬ್ಬುವುದು ಹೆಚ್ಚು. ಮೊದಲ ಬಸಿರಿನಲ್ಲಿ ಮಧ್ಯಾಹ್ನ ಮಲಗಿ ಏಳುತ್ತಿದ್ದವಳಿಗೆ ಈಗ ಪುಟ್ಟ ಮಗುವಿನ ಹಿಂದೆ ಓಡುವುದೇ ಕೆಲಸ. ದಣಿವು ಇಮ್ಮಡಿಯಾಗುವುದು ಸಹಜ. ಗೊತ್ತಿರುವ ದಾರಿಯೇ ತಾನೇ ಎಂದು ತಪಾಸಣೆ ತಪ್ಪಿಸುವುದೂ ಈ ಬಸಿರಿನಲ್ಲೇ ಹೆಚ್ಚು. ತಾಯಿ ಕಾರ್ಡ್ ಮಾಡಿಸಿ, ಮೂರು ತಿಂಗಳೊಳಗೆ ಹೆಸರು ನೋಂದಾಯಿಸುವುದು ಇಲ್ಲಿಯೂ ಅಷ್ಟೇ ಮುಖ್ಯ. ಐದನೇ ಸಮೀಕ್ಷೆಯಲ್ಲಿ ರಾಜ್ಯದ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ. ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕೆಂಬುದು ಸರ್ಕಾರದ ಕ್ರಮ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಅರ್ಧಕ್ಕೆ ಬಿಡುವವರೇ ಬಹಳ. ರಾತ್ರಿ ಊಟದ ನಂತರ ನುಂಗಿದರೆ ತೊಳಸುವುದು ಕಡಿಮೆ. ಕಾಫಿ, ಟೀ ಜೊತೆ ಬೇಡ, ನಿಂಬೆಹಣ್ಣಿನ ಪಾನಕವಿದ್ದರೆ ಒಳ್ಳೆಯದು. ಧನುರ್ವಾಯು ತಡೆಯುವ ಲಸಿಕೆಯನ್ನು ಮೂರು ವರ್ಷದೊಳಗಿನ ಹಿಂದಿನ ಬಸಿರಿನಲ್ಲಿ ಎರಡು ಸಲ ಹಾಕಿಸಿಕೊಂಡಿದ್ದರೆ ಈಗ ಒಂದೇ ಸಾಕು. ಹಳೆಯ ತಾಯಿ ಕಾರ್ಡನ್ನು ಜೋಪಾನವಾಗಿ ಇಟ್ಟಿರುವುದು ಇಂಥ ಕಡೆ ನೆರವಿಗೆ ಬರುತ್ತದೆ.

ರಕ್ತದ ಗುಂಪಿನ ವಿಷಯ ಎರಡನೇ ಮಗುವಿಗೇ ವಿಶೇಷವಾಗಿ ಸಂಬಂಧಿಸಿದ್ದು. ತಾಯಿಯದು ಆರ್‌ಎಚ್ ನೆಗೆಟಿವ್, ಮೊದಲ ಮಗುವಿನದು ಪಾಸಿಟಿವ್ ಆಗಿದ್ದರೆ ಆ ಹೆರಿಗೆಯ ವೇಳೆ ಮಗುವಿನ ರಕ್ತಕಣಗಳು ತಾಯಿಯ ರಕ್ತಕ್ಕೆ ಸೇರಿ, ಅವುಗಳ ವಿರುದ್ಧ ಆಕೆಯ ದೇಹ ಪ್ರತಿಕಾಯಗಳನ್ನು ಕಟ್ಟಿಕೊಳ್ಳಬಹುದು. ಮೊದಲನೆಯದಕ್ಕೆ ಸಾಮಾನ್ಯವಾಗಿ ಏನೂ ಆಗದು. ಎರಡನೆಯದೂ ಪಾಸಿಟಿವ್ ಆದರೆ ಆ ಪ್ರತಿಕಾಯಗಳು ದಾಳಿ ಮಾಡುವುದು ಅದರ ಮೇಲೆ. ತೀವ್ರ ಕಾಮಾಲೆ, ರಕ್ತಹೀನತೆ, ಕೆಲವೊಮ್ಮೆ ಗರ್ಭದಲ್ಲೇ ಸಾವು. ಹಿಂದಿನ ತಲೆಮಾರುಗಳಲ್ಲಿ ಚೊಚ್ಚಲು ಗಟ್ಟಿಮುಟ್ಟಾಗಿದ್ದು ನಂತರದವು ಒಂದೊಂದಾಗಿ ತೀರಿಕೊಂಡ ಮನೆಗಳಲ್ಲಿ ಕೆಲವಕ್ಕಾದರೂ ಕಾರಣ ಇದೇ ಇದ್ದೀತು. ಜನ ಅದನ್ನು ದೃಷ್ಟಿಗೋ ಶಾಪಕ್ಕೋ ಹೊರಿಸಿದರು, ಹೆತ್ತವಳು ಸುಮ್ಮನೆ ಮಾತು ಕೇಳಿದಳು. 1968ರಿಂದ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದು ಈ ಸಂಕಟವನ್ನು ಬಹುಮಟ್ಟಿಗೆ ತೊಡೆದುಹಾಕಿದೆ. ಬಸಿರಿನ 28ನೇ ವಾರಕ್ಕೊಮ್ಮೆ, ಮಗು ಪಾಸಿಟಿವ್ ಎಂದು ತಿಳಿದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ ಅದನ್ನು ಕೊಡುತ್ತಾರೆ. ನಡುವೆ ಗರ್ಭಪಾತವಾಗಿದ್ದರೆ ಆಗಲೂ ಬೇಕು.

ಮೊದಲ ಮಗು ಇನ್ನೂ ಎದೆಹಾಲು ಕುಡಿಯುತ್ತಿರುವಾಗಲೇ ಬಸಿರು ನಿಂತರೆ ‘ಬಸುರಿ ಹಾಲು ಕೆಟ್ಟದ್ದು, ಬಿಡಿಸಿಬಿಡು’ ಎಂದು ಹಿರಿಯರು ಎದೆಗೆ ಬೇವಿನ ರಸ ಹಚ್ಚಿಸುತ್ತಾರೆ. ಹಾಲು ಕೆಡುವುದಿಲ್ಲ. ಆರೋಗ್ಯವಂತ ತಾಯಿಗೆ, ತೊಡಕಿಲ್ಲದ ಬಸಿರಿನಲ್ಲಿ, ಹಾಲೂಡಿಸುವುದರಿಂದ ಅಪಾಯವಿಲ್ಲ. ಹಾಲು ಕಡಿಮೆಯಾಗಬಹುದು, ರುಚಿ ಬದಲಾಗಿ ಮಗು ತಾನೇ ಬಿಡಲೂಬಹುದು. ದಿಢೀರನೆ ಬಿಡಿಸುವುದೇ ಹೆಚ್ಚು ಹಾನಿ. 1930ರ ದಶಕದಲ್ಲಿ ಈಗಿನ ಘಾನಾ ದೇಶದಲ್ಲಿದ್ದ ಮಕ್ಕಳ ವೈದ್ಯೆ ಸಿಸಿಲಿ ವಿಲಿಯಮ್ಸ್, ಮೈ ಊದಿಕೊಂಡು ಕೂದಲು ಕೆಂಪಾಗುವ ಕ್ವಾಷಿಯೋರ್ಕರ್ ಕಾಯಿಲೆಯನ್ನು ವೈದ್ಯಲೋಕಕ್ಕೆ ವಿವರಿಸಿದರು. ತಾಯಿಗೆ ಮುಂದಿನ ಮಗುವಾದ ಕಾರಣ ಎದೆಹಾಲು ತಪ್ಪಿ, ಬರೀ ಮೆಕ್ಕೆಜೋಳದ ಗಂಜಿಯ ಮೇಲೆ ಉಳಿದ ಪುಟಾಣಿಗಳಲ್ಲಿ ಅವರು ಅದನ್ನು ಕಂಡದ್ದು. ಎರಡನೇ ಮಗು ಬರುವ ಹೊತ್ತಿಗೆ ಮೊದಲನೆಯದರ ತಟ್ಟೆಯಲ್ಲಿ ಬೇಳೆ, ಮೊಟ್ಟೆ, ಹಾಲು, ತುಪ್ಪ ಇದೆಯೇ ಎಂದು ನೋಡಬೇಕಾದದ್ದು ಈ ಕಾರಣಕ್ಕೆ.

ಆಚರಣೆಗಳ ಮಾತಿಗೆ ಬಂದರೆ ಎರಡನೆಯದರ ಪಾಲು ತೀರಾ ಸಣ್ಣದು. ಸೀಮಂತ ಸಾಮಾನ್ಯವಾಗಿ ಚೊಚ್ಚಲಿಗೆ ಮಾತ್ರ. ಉತ್ತರ ಕರ್ನಾಟಕದಲ್ಲಿ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಮಾಡುವ ಕುಬಸವೂ ಮೊದಲ ಬಸಿರಿನದ್ದೇ. ತವರಿನವರು ಬಂದು ಕರೆದೊಯ್ಯುವುದು, ಬಾಣಂತನ ಮುಗಿಸಿ ತೊಟ್ಟಿಲು ಸಮೇತ ಕಳಿಸುವುದು ಒಮ್ಮೆಯ ಸಂಭ್ರಮ. ಧಾರವಾಡ ಸೀಮೆಯವರಾದರೆ ಕಲಘಟಗಿಯ ಬಣ್ಣದ ತೊಟ್ಟಿಲನ್ನೇ ಹುಡುಕುತ್ತಾರೆ. ಎರಡನೆಯದಕ್ಕೆ ಅದೇ ತೊಟ್ಟಿಲು ಅಟ್ಟದಿಂದ ಇಳಿಯುತ್ತದೆ, ಅಣ್ಣನ ಅಂಗಿ, ಅಕ್ಕನ ಕುಲಾವಿ ಬಿಸಿಲಿಗೆ ಬೀಳುತ್ತವೆ. ಅದರಲ್ಲಿ ಕೊರತೆಯೇನಿಲ್ಲ, ಒಗೆದು ಮೆತ್ತಗಾದ ಹತ್ತಿ ಬಟ್ಟೆ ಎಳೆಕೂಸಿನ ಮೈಗೆ ಹೊಸದಕ್ಕಿಂತ ಹಿತ. ಕೊರತೆಯಾಗುವುದು ಬಾಣಂತಿಯ ವಿಶ್ರಾಂತಿಗೆ. ಎರಡನೇ ಹೆರಿಗೆ ಗಂಡನ ಮನೆಯಲ್ಲೇ ಆಗುವ ರೂಢಿ ಹಲವು ಕಡೆ ಇದೆ. ಮೊದಲ ಮಗುವಿನ ಶಾಲೆ ತಪ್ಪಿಸಲಾಗದೆ ಊರಿಗೆ ಹೋಗದವರೂ ಇದ್ದಾರೆ. ತವರಿನಲ್ಲಿ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಒಗ್ಗರಣೆಯ ಮೆಣಸಿನ ಸಾರು, ಅಂಟಿನುಂಡೆ ಎಂದು ಮೂರು ತಿಂಗಳು ಕೂತಲ್ಲಿಗೆ ಎಲ್ಲ ಬಂದವಳಿಗೆ ಈ ಸಲ ಹದಿನೈದು ದಿನಕ್ಕೆ ಒಲೆ ಮುಂದೆ ನಿಲ್ಲುವ ಪಾಡು. ಅಮೆರಿಕದಲ್ಲಿರುವ ಕನ್ನಡದ ಸಂಸಾರಗಳಲ್ಲಿ ಸಂದರ್ಶಕ ವೀಸಾದ ಆರು ತಿಂಗಳನ್ನು ಒಮ್ಮೆ ಅಮ್ಮ, ಒಮ್ಮೆ ಅತ್ತೆ ಹಂಚಿಕೊಂಡು ಬಾಣಂತನ ಮಾಡಿ ಬರುವುದೂ ಎರಡನೇ ಸಲಕ್ಕೆ ಕಷ್ಟವಾಗುತ್ತದೆ. ಅಷ್ಟರಲ್ಲಿ ಅವರಿಗೂ ವಯಸ್ಸಾಗಿರುತ್ತದೆ.

ಸರ್ಕಾರದ ನೆರವೂ ಮೊದಲ ಮಗುವಿನತ್ತಲೇ ವಾಲಿದೆ. 2017ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಚೊಚ್ಚಲು ತಾಯಿಗೆ ₹5,000. 2022ರ ಏಪ್ರಿಲ್‌ನಿಂದ ಎರಡನೇ ಮಗು ಹೆಣ್ಣಾದರೆ ಒಂದೇ ಕಂತಿನಲ್ಲಿ ₹6,000 ಸೇರಿಸಿದರು. ಹೆಣ್ಣುಮಗುವಿಗೆ ಸ್ವಾಗತ ಹೇಳುವ ಉದ್ದೇಶ ಮೆಚ್ಚತಕ್ಕದ್ದೇ, ಆದರೆ ಎರಡನೇ ಬಸಿರಿನ ಪೌಷ್ಟಿಕತೆಗೆ ಹಣ ಬೇಕಾಗುವುದು ಹೆರಿಗೆಯ ಮೊದಲು, ಮಗು ಯಾವುದೆಂದು ಯಾರಿಗೂ ತಿಳಿಯದ ಕಾಲದಲ್ಲಿ. ಆ ದೃಷ್ಟಿಯಿಂದ ಕರ್ನಾಟಕದ ಮಾತೃಪೂರ್ಣ ಹೆಚ್ಚು ಹದವಾದದ್ದು. 2017ರ ಅಕ್ಟೋಬರ್‌ನಿಂದ ಅಂಗನವಾಡಿಯಲ್ಲಿ ಗರ್ಭಿಣಿ ಮತ್ತು ಬಾಣಂತಿಗೆ ಬಿಸಿಯೂಟ, ಮೊಟ್ಟೆ, ಹಾಲು ಕೊಡುವ ಯೋಜನೆಯಿದು. ಕೆಲಸಕ್ಕೆ ಹೋಗುವವರಿಗೆ 2017ರ ಹೆರಿಗೆ ಭತ್ಯೆ ಕಾಯ್ದೆಯ ತಿದ್ದುಪಡಿ 26 ವಾರಗಳ ಸಂಬಳ ಸಹಿತ ರಜೆ ಕೊಟ್ಟಿತು. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದಾಗ ಮಾತ್ರ ಈ ಪೂರ್ತಿ ಅವಧಿ, ಹಾಗಾಗಿ ಎರಡನೇ ಹೆರಿಗೆಗೂ ಅನ್ವಯ. ಚೊಚ್ಚಲಲ್ಲೇ ಅವಳಿ ಹುಟ್ಟಿದ್ದರೆ ಮುಂದಿನದಕ್ಕೆ 12 ವಾರ ಅಷ್ಟೇ. ಕೇಂದ್ರ ಸರ್ಕಾರಿ ನೌಕರರಾದ ತಂದೆಯರಿಗೆ 15 ದಿನದ ರಜೆಯುಂಟು; ಖಾಸಗಿ ಕೆಲಸದಲ್ಲಿ ಅದು ಮಾಲೀಕರ ಮರ್ಜಿ. ಮನೆಗೆಲಸಕ್ಕೆ, ಹೊಲದ ಕೂಲಿಗೆ ಹೋಗುವವಳಿಗೆ ರಜೆಯ ಮಾತೇ ಇಲ್ಲ. ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸಕ್ಕೆ ಬರುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ಗಳು ಈ ಕೊರತೆಯನ್ನು ಒಂದು ಮೂಲೆಯಲ್ಲಾದರೂ ಮುಚ್ಚುತ್ತವೆ.

ಹೊಸ ಕೂಸಿಗೆ ಮನೆ ಸಜ್ಜಾಗುವುದೆಂದರೆ ಬಹುಪಾಲು ಹಿರಿಯ ಮಗು ಸಜ್ಜಾಗುವುದು. ‘ಪಾಪು ಬಂದ ಮೇಲೆ ನಿನ್ನನ್ನ ಯಾರೂ ಎತ್ಕೊಳ್ಳಲ್ಲ ನೋಡು’ ಎಂದು ನೆರೆಹೊರೆಯವರು ತಮಾಷೆಗೆ ಹೇಳುವ ಮಾತು ಮಗುವಿನೊಳಗೆ ತಮಾಷೆಯಾಗಿ ಇಳಿಯುವುದಿಲ್ಲ. ಎರಡು ವರ್ಷದ ಮಗುವಿಗೆ ಏಳು ತಿಂಗಳ ಮೊದಲೇ ಹೇಳಿದರೆ ಕಾದು ಕಾದು ಸೋಲುತ್ತದೆ. ಹೊಟ್ಟೆ ಕಾಣುವ ಹೊತ್ತಿಗೆ ಹೇಳಿದರೆ ಸಾಕು. ಐದಾರು ವರ್ಷದವರಿಗೆ ಬೇರೆಯವರ ಬಾಯಿಂದ ತಿಳಿಯುವ ಮೊದಲು ಅಪ್ಪ ಅಮ್ಮನೇ ತಿಳಿಸುವುದು ಒಳ್ಳೆಯದು. ಮಲಗುವ ಜಾಗ ಬದಲಿಸುವುದು, ಅಂಗನವಾಡಿಗೋ ಶಾಲೆಗೋ ಸೇರಿಸುವುದು, ಹಾಲು ಬಿಡಿಸುವುದಿದ್ದರೆ ಅದು, ಇವೆಲ್ಲ ಹೆರಿಗೆಗೆ ಎರಡು ಮೂರು ತಿಂಗಳು ಮೊದಲೇ ಆಗಿರಬೇಕು. ಇಲ್ಲವೆಂದರೆ ಹಿರಿಯ ಮಗುವಿನ ಲೆಕ್ಕದಲ್ಲಿ ಅವನ್ನೆಲ್ಲ ಕಿತ್ತುಕೊಂಡದ್ದು ಆ ಕೂಸೇ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರೊಲ್ ಕೆಂಡ್ರಿಕ್ ಎಂಬ ಸಂಶೋಧಕಿಯರು ಎರಡನೇ ಮಗುವಿನ ನಿರೀಕ್ಷೆಯಲ್ಲಿದ್ದ 40 ಕುಟುಂಬಗಳ ಮನೆಗಳಲ್ಲೇ ಕೂತು, ಹೆರಿಗೆಯ ಮೊದಲಿಂದ ಆರಂಭಿಸಿ ಮುಂದಿನ ತಿಂಗಳುಗಳವರೆಗೂ ಗಮನಿಸಿದರು. 1982ರಲ್ಲಿ ಪುಸ್ತಕವಾಗಿ ಬಂದ ಈ ಕೆಲಸ ಒಡಹುಟ್ಟಿದವರ ಅಧ್ಯಯನಕ್ಕೆ ಅಡಿಗಲ್ಲು. ಕೂಸು ಹುಟ್ಟಿದ ಮೇಲೆ ಹೆಚ್ಚಿನ ಹಿರಿಯ ಮಕ್ಕಳು ಹಟ, ಅಳು, ತುಂಟತನಗಳನ್ನು ಹೆಚ್ಚಿಸಿದ್ದರು. ಅದಕ್ಕೆ ಎದುರಾಗಿ, ಅಮ್ಮ ಮೊದಲ ಮಗುವಿನೊಡನೆ ತಾನಾಗಿ ಆಟಕ್ಕೆ ಕೂರುವುದು ಕಡಿಮೆಯಾಗಿತ್ತು. ಅಧ್ಯಯನದ ಅತ್ಯಂತ ಬೆಲೆಯುಳ್ಳ ಭಾಗ ಬೇರೆಯದು: ಹುಟ್ಟಿದ ಮೊದಲ ವಾರಗಳಲ್ಲೇ ಅಮ್ಮ ಆ ಕೂಸಿನ ಬಗ್ಗೆ, ಅದಕ್ಕೂ ಹಸಿವು, ಬೇಸರ, ಇಷ್ಟ ಇವೆಯೆಂದು ಹಿರಿಯ ಮಗುವಿನ ಜೊತೆ ಮಾತಾಡುತ್ತಿದ್ದ ಮನೆಗಳಲ್ಲಿ, ತಿಂಗಳುಗಳ ನಂತರ ಇಬ್ಬರ ನಡುವೆ ಸ್ನೇಹ ಹೆಚ್ಚಿತ್ತು. ಯಾಕೆ ಅಳ್ತಿದೆ ಅಂತೀಯಾ, ಏನು ಮಾಡೋಣ ಎಂದು ಮೂರು ವರ್ಷದವನನ್ನು ಕೇಳುವುದಕ್ಕೆ ಖರ್ಚಿಲ್ಲ. ಮುಂದೆ ಅಮೆರಿಕದ ಮಿಷಿಗನ್‌ನಲ್ಲಿ ಬ್ರೆಂಡಾ ವಾಲಿಂಗ್ ತಂಡ ಇನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ನೋಡಿ, ಬಹುಪಾಲು ಮಕ್ಕಳು ಹೆಚ್ಚಿನ ಏರುಪೇರಿಲ್ಲದೆ ಹೊಂದಿಕೊಳ್ಳುತ್ತಾರೆ ಎಂದು ಕಂಡುಕೊಂಡಿತು. ಹೆದರಿದ ತಾಯಿಗೆ ಇದು ಸಮಾಧಾನ ಕೊಡುವ ಸುದ್ದಿ.

ಎರಡನೇ ಹೆರಿಗೆ ಸಾಮಾನ್ಯವಾಗಿ ಬೇಗ. ಗರ್ಭಕೊರಳು ತೆರೆದುಕೊಳ್ಳುವ ಬಿರುಸಿನ ಹಂತ ಚೊಚ್ಚಲಲ್ಲಿ 12 ಗಂಟೆ ಮೀರುವುದಿಲ್ಲ, ನಂತರದ ಹೆರಿಗೆಗಳಲ್ಲಿ 10 ಗಂಟೆ. ಮುಕ್ಕಿ ಹೆರುವ ಹಂತ ಮೊದಲ ಸಲ ಮೂರು ಗಂಟೆಯೊಳಗೆ, ಎರಡನೇ ಸಲ ಎರಡು ಗಂಟೆಯೊಳಗೆ ಮುಗಿಯುವುದು ವಾಡಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನೇಕರಿಗೆ ಇದಕ್ಕಿಂತ ಎಷ್ಟೋ ಬೇಗ. ಆದ್ದರಿಂದ ನೋವು ಶುರುವಾದ ಮೇಲೆ ‘ಮೊದಲ ಸಲ ಒಂದು ದಿನ ಹಿಡಿದಿತ್ತಲ್ಲ’ ಎಂದು ಕಾಯಬಾರದು. ಆಸ್ಪತ್ರೆ ದೂರವಿರುವ ಮಲೆನಾಡಿನ ಹಳ್ಳಿಗಳವರು ದಿನ ಹತ್ತಿರವಾದಾಗ ಪೇಟೆಯ ನೆಂಟರ ಮನೆಗೆ ಬಂದಿರುವುದು ಜಾಣತನ. ರಾತ್ರಿ ಹೊರಡಬೇಕಾದರೆ ಹಿರಿಯ ಮಗುವಿನ ಬಳಿ ಯಾರಿರುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿ, ಆ ಅಜ್ಜಿಯ ಅಥವಾ ಚಿಕ್ಕಮ್ಮನ ಪಕ್ಕ ಒಂದೆರಡು ರಾತ್ರಿ ಮಲಗಿ ರೂಢಿಯಾಗಿರಬೇಕು.

ಮೊದಲನೆಯದು ಸಿಸೇರಿಯನ್ ಆದವರ ಸಂಖ್ಯೆ ಸಣ್ಣದಲ್ಲ. ಐದನೇ ಸಮೀಕ್ಷೆಯಂತೆ ರಾಜ್ಯದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ಸುಮಾರು ಅರ್ಧದಷ್ಟು. ಒಮ್ಮೆ ಕೊಯ್ದರೆ ಮತ್ತೆ ಕೊಯ್ಯಲೇಬೇಕು ಎಂಬ ನಂಬಿಕೆ ಗಟ್ಟಿಯಾಗಿದೆ, ನಿಜವಲ್ಲ. ಹಿಂದಿನ ಕೊಯ್ತ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕಿದ್ದು ಬೇರೆ ತೊಡಕಿಲ್ಲದಿದ್ದರೆ ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಹಾಗೆ ಪ್ರಯತ್ನಿಸಿದವರಲ್ಲಿ ಶೇ 60ರಿಂದ 80 ಮಂದಿಗೆ ಅದು ಕೈಗೂಡುತ್ತದೆ. ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ 200ಕ್ಕೆ ಒಬ್ಬರಷ್ಟು. ಕಡಿಮೆಯೆನಿಸಿದರೂ ಜೀವಕ್ಕೆ ಎರವಾಗುವಂಥದ್ದು, ಆದಕಾರಣ ತಕ್ಷಣ ಶಸ್ತ್ರಚಿಕಿತ್ಸೆ ಮಾಡಬಲ್ಲ, ರಕ್ತ ಸಿಗುವ ಆಸ್ಪತ್ರೆಯಲ್ಲಿ ಮಾತ್ರ ಈ ಪ್ರಯತ್ನ. ಮೊದಲ ಸಲ ಯಾಕೆ ಕೊಯ್ದರು ಎಂಬ ಡಿಸ್ಚಾರ್ಜ್ ಚೀಟಿ ಇಲ್ಲಿ ಬಹಳ ಮುಖ್ಯ.

ಹೆತ್ತ ಮೇಲೆ ಗರ್ಭಕೋಶ ಹಿಂಡಿ ಕುಗ್ಗುವ ನೋವು ಚೊಚ್ಚಲಿಗಿಂತ ಎರಡನೆಯದರಲ್ಲಿ ಜೋರು, ಅದರಲ್ಲೂ ಹಾಲೂಡಿಸುವಾಗ. ಇದು ತಿಳಿದಿರದ ತಾಯಿ ಏನೋ ಎಡವಟ್ಟಾಗಿದೆ ಎಂದು ಹೆದರುತ್ತಾಳೆ. ಹಾಲು ಮಾತ್ರ ಈ ಸಲ ಬೇಗ ಇಳಿಯುತ್ತದೆ.

ಹೆರಿಗೆ ವಾರ್ಡಿನಲ್ಲಿಯೇ ಎದುರಾಗುವ ಇನ್ನೊಂದು ಪ್ರಶ್ನೆ ‘ಆಪರೇಷನ್’. ಐದನೇ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57.4 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡಸರ ಪಾಲು ಹೆಚ್ಚುಕಡಿಮೆ ಸೊನ್ನೆ. ಹೆರಿಗೆಯಾಗಿ ಏಳು ದಿನದೊಳಗೆ ಮಾಡುವುದು ರೂಢಿ. ಗಂಡಸರದ್ದು ಹೊಲಿಗೆಯಿಲ್ಲದ, ಅದೇ ದಿನ ಮನೆಗೆ ಬರುವ ಸಣ್ಣ ಚಿಕಿತ್ಸೆ. ಆದರೂ ಬಸಿರು, ಹೆರಿಗೆ, ಬಾಣಂತನ ಮೂರನ್ನೂ ಹೊತ್ತವಳ ಮೇಲೆಯೇ ನಾಲ್ಕನೆಯದನ್ನೂ ಹಾಕಲಾಗುತ್ತದೆ. ಆ ಚಿಕಿತ್ಸೆಯಿಂದ ಗಂಡಸಿನ ಶಕ್ತಿ ಕುಂದುತ್ತದೆ, ದುಡಿಯಲಾಗದು ಎಂಬ ಭಯಕ್ಕೆ ಆಧಾರವಿಲ್ಲ. ಕೊನೇಪಕ್ಷ ಈ ತೀರ್ಮಾನ ಹೆರಿಗೆ ನೋವಿನ ನಡುವೆ ಸಹಿ ಹಾಕಿಸುವಂಥದ್ದಾಗದೆ, ಬಸಿರಿನ ತಿಂಗಳುಗಳಲ್ಲೇ ಗಂಡ ಹೆಂಡತಿ ಕೂತು ಮಾಡಿದ್ದಾಗಿರಬೇಕು.

ಹಿರಿಯ ಮಗು ಮೊದಲ ಸಲ ನೋಡಲು ಬಂದಾಗ ಅಮ್ಮನ ಕೈ ಖಾಲಿಯಿದ್ದು, ಕೂಸು ಪಕ್ಕದಲ್ಲಿ ಮಲಗಿದ್ದರೆ ಮೊದಲ ಅಪ್ಪುಗೆ ಸಲ್ಲಬೇಕಾದವರಿಗೆ ಸಲ್ಲುತ್ತದೆ. ನಂತರದ ವಾರಗಳಲ್ಲಿ ಮತ್ತೆ ಹಾಸಿಗೆ ಒದ್ದೆಯಾಗುವುದು, ತೊದಲು ಮಾತು, ತನಗೂ ಬಾಟಲಿ ಬೇಕೆಂಬ ಹಟ ಬಂದರೆ ಬೈಯಬೇಕಿಲ್ಲ. ದಿನಕ್ಕೆ ಹದಿನೈದು ನಿಮಿಷ ಅಮ್ಮನೋ ಅಪ್ಪನೋ ಅದೊಂದರ ಜೊತೆಗೇ ಕೂತರೆ ಬಹುಮಟ್ಟಿಗೆ ತಾನಾಗಿ ಹೋಗುತ್ತದೆ. ಅಪ್ಪನ ಪಾತ್ರ ದೊಡ್ಡದಾಗುವುದೂ ಈಗಲೇ. ಸ್ನಾನ, ಊಟ, ಶಾಲೆಗೆ ಬಿಡುವುದು, ರಾತ್ರಿಯ ಕತೆ ಅವನ ಪಾಲಿಗೆ ಬಂದ ಮನೆಗಳಲ್ಲಿ ಹಿರಿಯ ಮಗು ಕಳೆದುಕೊಂಡದ್ದಕ್ಕಿಂತ ಪಡೆದದ್ದು ಹೆಚ್ಚು.

ಹನ್ನೊಂದನೆಯ ಅಥವಾ ಹದಿಮೂರನೆಯ ದಿನ, ಇಲ್ಲವೇ ಅನುಕೂಲ ನೋಡಿ ತಿಂಗಳುಗಳ ನಂತರ, ತೊಟ್ಟಿಲು ಶಾಸ್ತ್ರವಾಗುತ್ತದೆ. ಸೋದರತ್ತೆ ಕಿವಿಯಲ್ಲಿ ಹೆಸರು ಉಸುರುವ ಮನೆಗಳಲ್ಲಿ, ಅವಳ ನಂತರ ಅಕ್ಕನಿಗೋ ಅಣ್ಣನಿಗೋ ಆ ಅವಕಾಶ ಕೊಡುವುದು ಇತ್ತೀಚೆಗೆ ಅಲ್ಲಲ್ಲಿ ಕಾಣುತ್ತಿರುವ ಚೆಂದದ ಬದಲಾವಣೆ. ಕಾನೂನಿನ ಲೆಕ್ಕ ಬೇರೆ: ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರಿಡದಿದ್ದರೂ ನೋಂದಣಿ ಆಗುತ್ತದೆ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ತಿದ್ದುಪಡಿಯ ಪ್ರಕಾರ ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್‌ಗಳಿಗೆಲ್ಲ ಜನನ ಪ್ರಮಾಣಪತ್ರವೇ ಆಧಾರವಾದ್ದರಿಂದ, ಅಕ್ಷರಗಳು ಮೊದಲೇ ಸರಿಯಾಗಿರಬೇಕು. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ. ಆಮೇಲೆ 6, 10, 14ನೇ ವಾರದ ಲಸಿಕೆಗಳು. ಆಸ್ಪತ್ರೆಯಿಂದ ಬಂದ ಮೇಲೆ 42ನೇ ದಿನದವರೆಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬಂದು ಕೂಸಿನ ತೂಕ ನೋಡಬೇಕೆಂಬ ನಿಯಮವಿದೆ. ಅದೇ ಭೇಟಿಯಲ್ಲಿ ತಾಯಿಯ ಊಟ, ನಿದ್ದೆ, ಕಾರಣವಿಲ್ಲದ ಅಳು ಇವುಗಳನ್ನೂ ವಿಚಾರಿಸಬೇಕು. ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ ಅದು ಬಾಣಂತಿಯ ಖಿನ್ನತೆ, ಎರಡನೇ ಹೆರಿಗೆಯ ನಂತರವೂ ಬರಬಲ್ಲದ್ದು, ಮದ್ದಿರುವಂಥದ್ದು. ಮೊದಲ ಸಲ ಬಂದಿದ್ದವರಿಗೆ ಮರುಕಳಿಸುವ ಸಾಧ್ಯತೆ ಹೆಚ್ಚಾದ್ದರಿಂದ ಅದನ್ನು ಬಸಿರಿನಲ್ಲೇ ವೈದ್ಯರಿಗೆ ಹೇಳಿರಬೇಕು.